ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿ: ಲಾಯಲ್ಟಿ ಕಾರ್ಡ್, ಫ್ರೀ ಬೆಟ್, ಒಳ್ಳೆಯ ದರ – ಯಾವುದರಲ್ಲಿ ಎಷ್ಟು ಉಳಿಯುತ್ತದೆ?

ಬ್ರಿಟನ್ನಿನ ಹೈ ಸ್ಟ್ರೀಟುಗಳಲ್ಲಿ ಎರಡು ಮೂರು ಬೆಟ್ಟಿಂಗ್ ಅಂಗಡಿಗಳು ಅಕ್ಕಪಕ್ಕ, ಎದುರುಬದುರು ಇರುವುದು ಮಾಮೂಲು. ಒಂದರಲ್ಲಿ ನಿಮ್ಮ ಕುದುರೆಗೆ 4/1 ದರ ಇದೆ, ಅಂದರೆ ಒಂದಕ್ಕೆ ನಾಲ್ಕು. ರಸ್ತೆ ದಾಟಿದರೆ ಇನ್ನೊಂದರಲ್ಲಿ ಅದೇ ಕುದುರೆಗೆ 9/2. ಮೊದಲನೆಯದರ ಲಾಯಲ್ಟಿ ಕಾರ್ಡ್ ನಿಮ್ಮ ಜೇಬಿನಲ್ಲಿದೆ, ಎರಡನೆಯದರದ್ದು ಇಲ್ಲ. ಎಲ್ಲಿ ಕಟ್ಟಬೇಕು?

5 ಪೌಂಡ್ ಕಟ್ಟಿ ಗೆದ್ದರೆ ಮೊದಲ ಅಂಗಡಿ ಕಟ್ಟಿದ ಹಣವೂ ಸೇರಿ 25 ಪೌಂಡ್ ಕೊಡುತ್ತದೆ, ಎರಡನೆಯದು 27 ಪೌಂಡ್ 50 ಪೆನ್ಸ್. ಆ ಕುದುರೆ ಐದೂವರೆ ಸಲಕ್ಕೊಮ್ಮೆ ಗೆಲ್ಲುತ್ತದೆ ಎಂದಿಟ್ಟುಕೊಂಡರೆ, ರಸ್ತೆ ದಾಟಿದ್ದಕ್ಕೆ ಸರಾಸರಿ 45 ಪೆನ್ಸ್ ಲಾಭ. ಕಾರ್ಡು ಕಟ್ಟಿದ ಹಣಕ್ಕೆ ಅರ್ಧ ಪರ್ಸೆಂಟ್ ಪಾಯಿಂಟ್ ಕೊಡುತ್ತದೆ ಎಂದುಕೊಂಡರೂ 5 ಪೌಂಡಿಗೆ ಸಿಗುವುದು ಎರಡೂವರೆ ಪೆನ್ಸ್. ಮುಂದೆ ಬರುವ ಹೋಲಿಕೆಗಳೆಲ್ಲ ಹೆಚ್ಚುಕಡಿಮೆ ಈ ಲೆಕ್ಕದ ಮೇಲೇ ನಿಂತಿವೆ. ಬಾಜಿಯ ದರವನ್ನೇ ಸುಧಾರಿಸುವ ಸವಲತ್ತು ಮೇಲು, ಪಾಯಿಂಟ್ ಕೊಡುವ ಸವಲತ್ತು ಕೀಳು. ಜೂಜಿನ ಮೆಷಿನ್ ಮುಂದೆ ಕೂರಿಸುವ ಸವಲತ್ತು ಎಲ್ಲಕ್ಕಿಂತ ಕೀಳು.

ಇದು ಹೇಗಿದ್ದರೂ ವಾರಕ್ಕೆ ಇಷ್ಟು ಎಂದು ಕಟ್ಟುವವರಿಗೆ ಬರೆದದ್ದು. ಸವಲತ್ತಿನ ಆಸೆಗೆ ಹೊಸದಾಗಿ ಕಟ್ಟಲು ಹೊರಟವರಿಗೆ ಯಾವ ಕಾರ್ಡೂ ಗಿಟ್ಟುವುದಿಲ್ಲ.

ಮೊದಲು ಅಂಗಡಿಯ ಪಾಲು ಎಷ್ಟೆಂದು ತಿಳಿಯಿರಿ

ಆರು ಕುದುರೆಗಳ ರೇಸೊಂದನ್ನು ತೆಗೆದುಕೊಳ್ಳಿ. ಗೋಡೆಯ ಪರದೆಯಲ್ಲಿ ಕಾಣುವ ದರಗಳು 2/1, 3/1, 4/1, 6/1, 8/1, 14/1. ಒಂದೊಂದನ್ನೂ ಪರ್ಸೆಂಟಿಗೆ ತಿರುಗಿಸಬೇಕು. ಬಲಗಡೆಯ ಸಂಖ್ಯೆಯನ್ನು ಎರಡೂ ಸಂಖ್ಯೆಗಳ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಿದರಾಯಿತು. 2/1 ಅಂದರೆ 33.3, 3/1 ಅಂದರೆ 25, 4/1 ಅಂದರೆ 20, 6/1 ಅಂದರೆ 14.3, 8/1 ಅಂದರೆ 11.1, 14/1 ಅಂದರೆ 6.7. ಕೂಡಿದರೆ 110.4. ನೂರರ ಮೇಲಿನ 10.4 ಅಂಗಡಿಯ ಪಾಲು. 110.4 ಕ್ಕೆ 10.4, ಅಂದರೆ ಈ ರೇಸಿನಲ್ಲಿ ಕಟ್ಟುವ ಪ್ರತಿ 100 ಪೌಂಡಿಗೆ ಸರಾಸರಿ 9 ಪೌಂಡ್ 40 ಪೆನ್ಸ್ ಅಂಗಡಿಗೆ ಹೋಗುತ್ತದೆ.

ಕುದುರೆಗಳು ಹೆಚ್ಚಾದಷ್ಟೂ ಈ ಪಾಲು ಹಿಗ್ಗುತ್ತದೆ. ಫುಟ್‌ಬಾಲಿನ ಒಂದೇ ಪಂದ್ಯಕ್ಕೆ ಕಟ್ಟುವ ಬಾಜಿಯಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಆದರೆ ನಾಲ್ಕು ಪಂದ್ಯ ಪೋಣಿಸುವ, ನಾಲ್ಕೂ ಗೆದ್ದರೆ ಮಾತ್ರ ಹಣ ಬರುವ ಅಕ್ಯುಮುಲೇಟರ್‌ನಲ್ಲಿ ನಾಲ್ಕೂ ಪಂದ್ಯಗಳ ಪಾಲು ಒಂದರ ಮೇಲೊಂದು ಕೂರುತ್ತದೆ. ಒಂದೊಂದು ಪಂದ್ಯದ ದರಗಳ ಪರ್ಸೆಂಟ್ ಕೂಡಿದಾಗ 106 ಬಂದರೆ ನಾಲ್ಕು ಸೇರಿದಾಗ ನೂರಕ್ಕೆ ಸುಮಾರು 21 ಪೌಂಡ್ ಅಂಗಡಿಯದು. ಅಕ್ಯುಮುಲೇಟರ್ ಆಫರ್‌ಗಳು ಇಷ್ಟೊಂದು ಧಾರಾಳವಾಗಿ ಕಾಣುವುದಕ್ಕೆ ಕಾರಣವೇ ಇದು.

ಒಂದು ಸಮಾಧಾನವಿದೆ: ಗೆದ್ದ ಹಣಕ್ಕೆ ಬ್ರಿಟನ್ನಿನಲ್ಲಿ ಗಿರಾಕಿ ತೆರಿಗೆ ಕಟ್ಟಬೇಕಿಲ್ಲ. 2001 ರ ಅಕ್ಟೋಬರ್‌ವರೆಗೆ ಕೌಂಟರಿನಲ್ಲಿ 9 ಪರ್ಸೆಂಟ್ ಹಿಡಿಯುತ್ತಿದ್ದರು, ಅದು ಹೋಯಿತು.

ಪಾಯಿಂಟ್ ಕಾರ್ಡ್

ಲ್ಯಾಡ್‌ಬ್ರೋಕ್ಸ್‌ನ ಗ್ರಿಡ್, ಕೋರಲ್ ಕನೆಕ್ಟ್, ವಿಲಿಯಂ ಹಿಲ್ ಪ್ಲಸ್ ಇವೆಲ್ಲ ಅಂಗಡಿಯ ಕೌಂಟರಿನಲ್ಲಿ ಪುಕ್ಕಟೆಯಾಗಿ ಕೊಡುವ ಕಾರ್ಡುಗಳು. ಹೆಸರು, ಹುಟ್ಟಿದ ದಿನ, ಪೋಸ್ಟ್‌ಕೋಡ್, ಮೊಬೈಲ್ ನಂಬರ್ ಕೇಳುತ್ತಾರೆ. ಲ್ಯಾಡ್‌ಬ್ರೋಕ್ಸ್ ಮತ್ತು ಕೋರಲ್ ಎರಡೂ ಒಂದೇ ಕಂಪನಿಯ ಅಂಗಡಿಗಳು, ಎರಡರ ಒಡೆತನವೂ ಎಂಟೇನ್‌ನದು. ಎರಡು ಬೋರ್ಡ್ ಕಂಡಾಕ್ಷಣ ಇಬ್ಬರ ನಡುವೆ ಪೈಪೋಟಿ ಇದೆ ಎಂದುಕೊಳ್ಳಬೇಡಿ.

ಪಾಯಿಂಟ್ ಕೊಡುವ ಯಾವುದೇ ಯೋಜನೆಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: 100 ಪೌಂಡ್ ಕಟ್ಟಿದರೆ ಎಷ್ಟು ಪೆನ್ಸ್ ವಾಪಸ್? ಕರಪತ್ರದಲ್ಲಿ ಇದನ್ನು ನೇರವಾಗಿ ಬರೆದಿರುವುದಿಲ್ಲ, ನಾವೇ ಲೆಕ್ಕ ಹಾಕಬೇಕು. 10 ಪೌಂಡಿಗೆ ಒಂದು ಪಾಯಿಂಟ್, 100 ಪಾಯಿಂಟಿಗೆ 1 ಪೌಂಡ್ ಎಂದಿದ್ದರೆ 1,000 ಪೌಂಡಿಗೆ 1 ಪೌಂಡ್ ಬಂತು. ಸಾವಿರಕ್ಕೆ ಒಂದು. ಮೇಲಿನ ರೇಸಿನಲ್ಲಿ ಅಂಗಡಿಯ ಪಾಲು ಸಾವಿರಕ್ಕೆ 94 ಪೌಂಡ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

"ಇನ್ನೊಂದಿಷ್ಟು ಕಟ್ಟಿದರೆ ಮೇಲಿನ ಹಂತಕ್ಕೆ ಹೋಗುತ್ತೇನೆ, ಅಲ್ಲಿ ಪಾಯಿಂಟ್ ದುಪ್ಪಟ್ಟು" ಎಂಬ ಆಸೆಗೂ ಇಲ್ಲಿ ಆಧಾರವಿಲ್ಲ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ನಿನ ಪರವಾನಗಿ ಷರತ್ತಿನ ಪ್ರಕಾರ, ಖರ್ಚು ಏರಿದ ಪ್ರಮಾಣಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಬಹುಮಾನ ಏರುವಂತಿಲ್ಲ. ಎರಡು ಪಟ್ಟು ಕಟ್ಟಿದರೆ ಹೆಚ್ಚೆಂದರೆ ಎರಡು ಪಟ್ಟು. ಬೇಗ ಬೇಗ ಕಟ್ಟಿದವರಿಗೆ ಹೆಚ್ಚು ಕೊಡುವುದಕ್ಕೂ ಅವಕಾಶವಿಲ್ಲ. ಕಾಸಿಗೆ ತಕ್ಕ ಕಜ್ಜಾಯ, ಅಷ್ಟೇ. ಆದ್ದರಿಂದ ಎಲ್ಲ ಬಾಜಿಯನ್ನೂ ಒಂದೇ ಅಂಗಡಿಯಲ್ಲಿ ಕಟ್ಟಿ ಪಾಯಿಂಟ್ ಗುಡ್ಡೆ ಹಾಕುವ ಉಪಾಯದಿಂದ ಹೆಚ್ಚುವರಿ ಲಾಭವಿಲ್ಲ. ಬೇರೆ ಅಂಗಡಿಯ ಒಳ್ಳೆಯ ದರ ಕೈತಪ್ಪುವುದು ಮಾತ್ರ ಖಂಡಿತ.

ಫ್ರೀ ಬೆಟ್ ಕ್ಲಬ್

ವಾರದಲ್ಲಿ ಇಷ್ಟು ಕಟ್ಟಿದರೆ ಮುಂದಿನ ವಾರಕ್ಕೆ ಒಂದು ಫ್ರೀ ಬೆಟ್ ಎಂಬ ಮಾದರಿ ಇದು. ಲೆಕ್ಕ ಸರಿಯಾಗಿ ಹಾಕಿದರೆ ಕೆಲವು ಸಲ ಅಂಗಡಿಯ ಪಾಲನ್ನು ಪೂರ್ತಿ ಮುಚ್ಚುವ ಸವಲತ್ತು ಇದು. ತಪ್ಪಾಗಿ ಹಾಕಿದರೆ ನಷ್ಟವೇ ಉಳಿಯುತ್ತದೆ.

ಮುಖ್ಯ ಅಂಶ: ಫ್ರೀ ಬೆಟ್ ಗೆದ್ದರೆ ಗೆಲುವಿನ ಹಣ ಮಾತ್ರ ಬರುತ್ತದೆ, ಪಣ ವಾಪಸ್ ಬರುವುದಿಲ್ಲ. ಹಾಗಾಗಿ 5 ಪೌಂಡಿನ ಫ್ರೀ ಬೆಟ್ಟಿನ ಬೆಲೆ ಎಂದೂ 5 ಪೌಂಡಲ್ಲ. ಯಾವ ದರಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ. ಅಂಗಡಿಯ ಪಾಲನ್ನು ಸದ್ಯಕ್ಕೆ ಬದಿಗಿಟ್ಟರೆ:

ಈವನ್ಸ್ (1/1) ದರಕ್ಕೆ – 2 ಪೌಂಡ್ 50 ಪೆನ್ಸ್
2/1 ಕ್ಕೆ – 3 ಪೌಂಡ್ 33 ಪೆನ್ಸ್
4/1 ಕ್ಕೆ – 4 ಪೌಂಡ್
9/1 ಕ್ಕೆ – 4 ಪೌಂಡ್ 50 ಪೆನ್ಸ್

ಫೇವರಿಟ್ ಕುದುರೆ ಮೇಲೆ ಫ್ರೀ ಬೆಟ್ ಹಾಕುವುದೆಂದರೆ ಅರ್ಧದಷ್ಟನ್ನು ಅಂಗಡಿಗೇ ಹಿಂದಿರುಗಿಸಿದಂತೆ. ಹಾಗೆಂದು 33/1, 50/1 ಗೆ ಹೋಗುವುದೂ ಜಾಣತನವಲ್ಲ, ಏಕೆಂದರೆ ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಇರುವ ಕುದುರೆಗಳ ದರದಲ್ಲೇ ಅಂಗಡಿ ತನ್ನ ಪಾಲನ್ನು ಹೆಚ್ಚು ಅಡಗಿಸಿರುತ್ತದೆ. 4/1 ರಿಂದ 8/1 ರ ನಡುವೆ ಬಳಸುವುದು ಸರಿಯಾದ ದಾರಿ.

ಈಗ ಪೂರ್ತಿ ಲೆಕ್ಕ. ಕ್ಲಬ್ಬಿನ ನಿಯಮ "ವಾರಕ್ಕೆ 25 ಪೌಂಡ್ ಕಟ್ಟಿ, 5 ಪೌಂಡಿನ ಫ್ರೀ ಬೆಟ್ ಪಡೆಯಿರಿ" ಎಂದಿರಲಿ. ಐದು ಪೌಂಡಿನಂತೆ ಐದು ಸಲ ಮೇಲಿನ ಥರದ ರೇಸುಗಳಲ್ಲಿ ಕಟ್ಟಿದರೆ ಸರಾಸರಿ ನಷ್ಟ 2 ಪೌಂಡ್ 35 ಪೆನ್ಸ್. ಫ್ರೀ ಬೆಟ್ಟನ್ನು 4/1 ಕುದುರೆಗೆ ಬಳಸಿದರೆ, ಅಂಗಡಿಯ ಪಾಲು ಕಳೆದ ಮೇಲೆ ಅದರ ಬೆಲೆ 3 ಪೌಂಡ್ 62 ಪೆನ್ಸ್. ವಾರಕ್ಕೆ 1 ಪೌಂಡ್ 27 ಪೆನ್ಸ್ ನಿಮ್ಮ ಕಡೆಗೆ. ಇದು ಸರಾಸರಿಯ ಮಾತು. ಅದೇ 4/1 ಕುದುರೆಗಳ ಮೇಲೆ ಐದು ಸಲ ಕಟ್ಟಿದರೆ ಐದೂ ಸೋಲುವ ವಾರಗಳು ನೂರಕ್ಕೆ 37 ಇರುತ್ತವೆ.

ಕ್ಲಬ್ಬಿನ ನಿಯಮ "ನಾಲ್ಕು ಅಥವಾ ಹೆಚ್ಚು ಪಂದ್ಯಗಳ ಅಕ್ಯುಮುಲೇಟರ್ ಮಾತ್ರ" ಎಂದಿದ್ದರೆ ಚಿತ್ರವೇ ಬೇರೆ. 25 ಪೌಂಡಿನ ಮೇಲೆ ಸರಾಸರಿ ನಷ್ಟ 5 ಪೌಂಡ್ 20 ಪೆನ್ಸ್. ಫ್ರೀ ಬೆಟ್ಟನ್ನೂ ಅಕ್ಯುಮುಲೇಟರಿಗೇ ಬಳಸಬೇಕಾದ್ದರಿಂದ, 15/1 ಆಸುಪಾಸಿನಲ್ಲಿ ಅದರ ಬೆಲೆ 3 ಪೌಂಡ್ 70 ಪೆನ್ಸ್. ವಾರಕ್ಕೆ ಒಂದೂವರೆ ಪೌಂಡ್ ಕೈಬಿಟ್ಟಿತು. ಎರಡೂ ಪೋಸ್ಟರುಗಳಲ್ಲಿ ದಪ್ಪಕ್ಷರದಲ್ಲಿರುವುದು ಅದೇ "5 ಪೌಂಡ್ ಫ್ರೀ".

ಕ್ಲಬ್ ಸೇರುವ ಮುನ್ನ ಸಣ್ಣಕ್ಷರದಲ್ಲಿ ಹುಡುಕಬೇಕಾದವು: ಕನಿಷ್ಠ ದರ ಎಷ್ಟು, ಸಿಂಗಲ್ ಬೆಟ್ ಲೆಕ್ಕಕ್ಕಿದೆಯೇ, ವಾರ ಯಾವ ದಿನ ಮುಗಿಯುತ್ತದೆ, ಫ್ರೀ ಬೆಟ್ ಎಷ್ಟು ದಿನಕ್ಕೆ ರದ್ದು. ಸಾಮಾನ್ಯವಾಗಿ ಎಡವುವುದು ಇನ್ನೂ ಮೂರು ಕಡೆ. ಮಧ್ಯದಲ್ಲಿ ಕ್ಯಾಶ್‌ಔಟ್ ಮಾಡಿದ (ಫಲಿತಾಂಶಕ್ಕೆ ಮೊದಲೇ ಹಣ ತೆಗೆದುಕೊಂಡ) ಬಾಜಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಕುದುರೆ ಓಡದೆ ಬಾಜಿ ವಜಾ ಆದರೆ ಆ 5 ಪೌಂಡೂ ಲೆಕ್ಕದಿಂದ ಹೊರಗೆ, ಭಾನುವಾರ ಸಂಜೆ 25 ರ ಬದಲು 20 ಎಂದು ತೋರಿಸುವುದು ಹೀಗೆ. ಮೂರನೆಯದು ಈಚ್‌ವೇ, ಅಂದರೆ ಅರ್ಧ ಪಣ ಗೆಲುವಿಗೆ, ಇನ್ನರ್ಧ ಕುದುರೆ ಮೊದಲ ಕೆಲವು ಸ್ಥಾನಗಳಲ್ಲಿ (ಪ್ಲೇಸ್) ಬಂದರೂ ಹಣ ಸಿಗುವಂತೆ ಕಟ್ಟುವ ಬಾಜಿ: 5 ಪೌಂಡಿನ ಫ್ರೀ ಬೆಟ್ಟನ್ನು ಈಚ್‌ವೇಗೆ ಬಳಸಲು ಬಿಟ್ಟರೆ ಅದು ಗೆಲುವಿಗೆ ಎರಡೂವರೆ, ಪ್ಲೇಸಿಗೆ ಎರಡೂವರೆ. ಪ್ಲೇಸಿನ ಭಾಗದ ದರ ಕಡಿಮೆಯಾದ್ದರಿಂದ, ಪಣ ವಾಪಸ್ ಬಾರದ ಬಾಜಿಗೆ ಅದು ತಕ್ಕುದಲ್ಲ.

ದರದ ಸವಲತ್ತುಗಳು

ಬೆಸ್ಟ್ ಆಡ್ಸ್ ಗ್ಯಾರಂಟೀಡ್ ಎಂಬುದು ಬ್ರಿಟನ್ ಮತ್ತು ಐರ್ಲೆಂಡಿನ ಕುದುರೆ ರೇಸುಗಳಿಗೆ ಸಿಗುವ ಸವಲತ್ತು. ನೀವು ಬೆಳಿಗ್ಗೆ 4/1 ಹಿಡಿದಿರಿ. ಗೇಟು ತೆರೆಯುವ ಹೊತ್ತಿಗೆ ದರ, ಅಂದರೆ ಎಸ್‌ಪಿ, 6/1 ಕ್ಕೆ ಏರಿತು. ಗೆದ್ದರೆ 6/1 ರಂತೆಯೇ ಕೊಡುತ್ತಾರೆ. 5 ಪೌಂಡಿಗೆ 25 ರ ಬದಲು 35. ದರ ಇಳಿದರೆ ನಿಮ್ಮ 4/1 ಹಾಗೇ ಇರುತ್ತದೆ. ಪಾಯಿಂಟ್ ಕಾರ್ಡಿನಲ್ಲಿ ಹತ್ತು ಪೌಂಡ್ ಕೂಡಿಸಲು, ಮೇಲಿನ ಉದಾಹರಣೆಯ ಪ್ರಕಾರ, 10,000 ಪೌಂಡ್ ಕಟ್ಟಬೇಕು.

ಇದು ಸಿಗುವುದು ದರ ಹಿಡಿದವರಿಗೆ ಮಾತ್ರ, ಎಡವಟ್ಟು ಆಗುವುದೂ ಇಲ್ಲೇ. ಸ್ಲಿಪ್ಪಿನಲ್ಲಿ ರೇಸಿನ ಹೊತ್ತು, ಊರು, ಕುದುರೆಯ ಹೆಸರು, ಪಣ ಬರೆದು ಕೊಟ್ಟರೆ ಅದು ಎಸ್‌ಪಿ ಬಾಜಿ ಆಗುತ್ತದೆ. ಕೌಂಟರಿನಲ್ಲಿ "ಪ್ರೈಸ್ ತಗೊಳ್ತೀನಿ" ಎಂದು ಹೇಳಬೇಕು. ಅವರು ಕುದುರೆಯ ಹೆಸರಿನ ಪಕ್ಕ 4/1 ಎಂದು ಬರೆಯುವುದನ್ನೋ, ರಸೀದಿಯಲ್ಲಿ ಅಚ್ಚಾಗಿರುವುದನ್ನೋ ಕಣ್ಣಾರೆ ನೋಡಿಯೇ ಕೌಂಟರ್ ಬಿಡಬೇಕು. ರೇಸ್ ಮುಗಿದ ಮೇಲೆ "ನಾನು ಬಂದಾಗ ಪರದೆಯಲ್ಲಿ 4/1 ಇತ್ತು" ಎಂದರೆ ಯಾರೂ ಕೇಳುವುದಿಲ್ಲ. ಈ ಸವಲತ್ತು ಬೆಳಿಗ್ಗೆ ಎಷ್ಟು ಗಂಟೆಯಿಂದ, ಎಷ್ಟು ಹಣದವರೆಗೆ, ಕಾರ್ಡ್ ಇದ್ದವರಿಗೆ ಮಾತ್ರವೇ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಕಾರ್ಡ್ ಇದ್ದರೆ ಮಾತ್ರ ಕೊಡುವ ಕಡೆ ಕಾರ್ಡ್ ಮಾಡಿಸುವುದಕ್ಕೆ ಇದೊಂದೇ ಕಾರಣ ಸಾಕು.

ಹೆಚ್ಚುವರಿ ಪ್ಲೇಸ್ ಆಫರ್‌ಗಳಲ್ಲಿ ಸ್ವಲ್ಪ ಎಚ್ಚರ ಬೇಕು. 16 ಅಥವಾ ಹೆಚ್ಚು ಕುದುರೆ ಓಡುವ ಹ್ಯಾಂಡಿಕ್ಯಾಪ್ (ಬಲದ ಕುದುರೆಗೆ ಹೆಚ್ಚು ತೂಕ ಹೊರಿಸುವ) ರೇಸಿನಲ್ಲಿ ಮಾಮೂಲು ನಿಯಮ ನಾಲ್ಕು ಪ್ಲೇಸ್, ಗೆಲುವಿನ ದರದ ಕಾಲುಭಾಗ. ಏಪ್ರಿಲ್‌ನಲ್ಲಿ ಏಂಟ್ರಿ ರೇಸ್‌ಕೋರ್ಸಿನಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್‌ಗೆ (2024 ರಿಂದ ಅದರಲ್ಲಿ ಓಡುವುದು ಹೆಚ್ಚೆಂದರೆ 34 ಕುದುರೆ) ಅಂಗಡಿಗಳು ಆರು, ಏಳು ಪ್ಲೇಸ್ ಎಂದು ಬೋರ್ಡು ಹಾಕುತ್ತವೆ. ಬೋರ್ಡಿನ ಕೆಳಗೆ ಕಾಲುಭಾಗ ಐದನೇ ಒಂದು ಭಾಗವಾಗಿದೆಯೇ ನೋಡಿ. 20/1 ಕುದುರೆಗೆ 5 ಪೌಂಡ್ ಈಚ್‌ವೇ, ಒಟ್ಟು 10 ಪೌಂಡ್ ಕಟ್ಟಿ, ಕುದುರೆ ಮೂರನೆಯದಾಗಿ ಬಂದರೆ ಕಾಲುಭಾಗದ ಲೆಕ್ಕದಲ್ಲಿ 30 ಪೌಂಡ್, ಐದನೇ ಒಂದರ ಲೆಕ್ಕದಲ್ಲಿ 25. ಐದನೆಯದೋ ಆರನೆಯದೋ ಆಗಿ ಬಂದರೆ ಮಾತ್ರ ಎರಡನೆಯ ಆಫರ್ ಮೇಲು. ಅಷ್ಟೊಂದು ಕುದುರೆಗಳ ರೇಸಿನಲ್ಲಿ ಎರಡು ಪ್ಲೇಸ್ ಹೆಚ್ಚು ಸಿಗುವುದು ಸಾಮಾನ್ಯವಾಗಿ ಈ 5 ಪೌಂಡಿನ ಕಡಿತಕ್ಕೆ ತಕ್ಕುದೇ. ಒಂದೇ ಪ್ಲೇಸ್ ಹೆಚ್ಚಿಸಿ ದರ ಇಳಿಸಿದ್ದರೆ ಬಿಟ್ಟುಬಿಡಿ.

ಲಕ್ಕಿ 15 ರ ಸಮಾಧಾನ ಬೋನಸ್ ಬಗ್ಗೆ ಎರಡೇ ಮಾತು. ನಾಲ್ಕು ಕುದುರೆಗಳನ್ನು ಒಂಟಿಯಾಗಿಯೂ, ಎರಡು, ಮೂರು, ನಾಲ್ಕರಂತೆ ಪೋಣಿಸಿಯೂ ಕಟ್ಟುವ 15 ಬಾಜಿ. 1 ಪೌಂಡಿನಂತೆ 15 ಪೌಂಡ್. ಒಂದೇ ಕುದುರೆ ಗೆದ್ದರೆ ದರ ದುಪ್ಪಟ್ಟು ಎನ್ನುತ್ತಾರೆ. ಗೆದ್ದದ್ದು 5/1 ಕುದುರೆಯಾದರೆ 6 ಪೌಂಡಿನ ಬದಲು 11 ಪೌಂಡ್ ಬರುತ್ತದೆ, ಆಗಲೂ ನಾಲ್ಕು ಪೌಂಡ್ ಹೋಯಿತು.

ಮೆಷಿನ್ ಬೋನಸ್

ಒಂದು ಅಂಗಡಿಯಲ್ಲಿ ಹೆಚ್ಚೆಂದರೆ ನಾಲ್ಕು ಮೆಷಿನ್ ಇರಬಹುದು. 2019 ರ ಏಪ್ರಿಲ್ 1 ರವರೆಗೆ ಅವುಗಳ ರೂಲೆಟ್‌ನಲ್ಲಿ ಒಂದು ಸುತ್ತಿಗೆ 100 ಪೌಂಡ್‌ವರೆಗೆ ಕಟ್ಟಬಹುದಿತ್ತು, ಈಗ ಮಿತಿ 2 ಪೌಂಡ್. ಮೊತ್ತ ಇಳಿದರೂ ವೇಗ ಬಾಕಿ ಇದೆ. ಸ್ಲಾಟ್ ಆಟದ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡು ಸಾಕು.

ನಿಧಾನವಾಗಿ ನಿಮಿಷಕ್ಕೆ ಹತ್ತು ಸುತ್ತು, ಸುತ್ತಿಗೆ 1 ಪೌಂಡ್ ಎಂದುಕೊಳ್ಳಿ. ಗಂಟೆಗೆ 600 ಪೌಂಡ್ ಒಳಗೆ ಹೋಗಿ ಬರುತ್ತದೆ. ಆಟದ ಮಾಹಿತಿ ಪುಟದಲ್ಲಿ ವಾಪಸ್ ಪ್ರಮಾಣ ಎಷ್ಟೆಂದು ಬರೆದಿರುತ್ತಾರೆ. ಅದು 92 ಪರ್ಸೆಂಟ್ ಇದ್ದರೆ ಗಂಟೆಗೆ ಸರಾಸರಿ ನಷ್ಟ 48 ಪೌಂಡ್. ಸಾವಿರಕ್ಕೆ ಒಂದರ ಪಾಯಿಂಟ್ ಕಾರ್ಡ್ ಹಾಕಿ ಆಡಿದ್ದರೆ ಅದೇ ಗಂಟೆಯಲ್ಲಿ ಕೂಡುವುದು 60 ಪೆನ್ಸ್. ಪಾಯಿಂಟ್ ಬೇಗ ಬೇಗ ಏರುವುದು ಮೆಷಿನ್ನಿನಲ್ಲೇ, ಅದಕ್ಕೇ ಕಾರ್ಡು ಅಲ್ಲಿ ಹೆಚ್ಚು ಚೆಂದವಾಗಿ ಕಾಣುತ್ತದೆ.

"10 ಪೌಂಡ್ ಬೋನಸ್, ಹತ್ತು ಪಟ್ಟು ಆಡಬೇಕು" ಎಂದಿದ್ದರೆ 100 ಪೌಂಡ್ ತಿರುಗಿಸಬೇಕು. 92 ಪರ್ಸೆಂಟಿನ ಆಟದಲ್ಲಿ 8 ಪೌಂಡ್ ಅಲ್ಲೇ ಕರಗುತ್ತದೆ, ಬೋನಸ್ಸಿನ ನಿಜ ಬೆಲೆ 2 ಪೌಂಡ್. 2026 ರ ಜನವರಿ 19 ರಿಂದ ಈ ಹತ್ತು ಪಟ್ಟೇ ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಫುಟ್‌ಬಾಲಿಗೆ ಕಟ್ಟಿ ಸ್ಲಾಟ್ ಆಟವನ್ನೂ ಆಡಿದರೆ ಮಾತ್ರ ಬಹುಮಾನ ಎಂಬ ಜೋಡಿ ಆಫರ್‌ಗಳೂ ಅದೇ ದಿನದಿಂದ ನಿಷಿದ್ಧ.

ಕಾರ್ಡ್ ಬೇಕೇ, ನಗದೇ ಸಾಕೇ?

ನಗದು ಕಟ್ಟುವವರಿಗೆ ಹೆಸರಿಲ್ಲ. ಸ್ಲಿಪ್ ಕಳೆದರೆ ಹಣ ಕೇಳುವುದು ಕಷ್ಟ, ಆದರೆ ಯಾರೂ ನಿಮ್ಮ ಲೆಕ್ಕ ಇಡುವುದಿಲ್ಲ. ಕಾರ್ಡ್ ಇದ್ದವರ ಬಾಜಿಗಳೆಲ್ಲ ಹೆಸರಿಗೆ ದಾಖಲಾಗುತ್ತವೆ. ಪದೇ ಪದೇ ಗೆಲ್ಲುವ ಗಿರಾಕಿಯ ಪಣಕ್ಕೆ ಅಂಗಡಿಗಳು ಮಿತಿ ಹಾಕುವುದು ಇದೇ ದಾಖಲೆ ನೋಡಿ. ದರ ಹುಡುಕಿ ಕಟ್ಟುವ ಜಾಣರಿಗೆ ಹಾಗಾಗಿ ಕಾರ್ಡು ಅಡ್ಡಗಾಲಾಗಬಹುದು.

ಉಳಿದವರಿಗೆ ಆ ದಾಖಲೆಯೇ ಕಾರ್ಡಿನ ದೊಡ್ಡ ಉಪಯೋಗ. ದತ್ತಾಂಶ ರಕ್ಷಣಾ ಕಾನೂನಿನಡಿ ನಿಮ್ಮ ಪೂರ್ತಿ ಬಾಜಿ ಚರಿತ್ರೆಯನ್ನು ಕಂಪನಿಯಿಂದ ಕೇಳಿ ಪಡೆಯಬಹುದು. ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. "ಹೆಚ್ಚುಕಡಿಮೆ ಸಮಸಮ" ಎಂದು ಹೇಳಿಕೊಳ್ಳುವವರು ಒಂದು ವರ್ಷದ್ದನ್ನು ತರಿಸಿ ಕೂಡಿ ನೋಡುವುದು ಒಳ್ಳೆಯದು. ಆ ಮೊತ್ತ ಮನೆಯವರಿಗೆ ಹೇಳಲಾಗದಷ್ಟಿದ್ದರೆ ಗ್ಯಾಮ್‌ಕೇರ್‌ನ ಉಚಿತ ಸಹಾಯವಾಣಿ 0808 8020 133. ಹಲವು ಕಂಪನಿಗಳ ಅಂಗಡಿಗಳಿಂದ ಒಟ್ಟಿಗೆ ಹೊರಗುಳಿಯಲು ಮೋಸೆಸ್ ಎಂಬ ವ್ಯವಸ್ಥೆ, ಆನ್‌ಲೈನಿಗೆ ಗ್ಯಾಮ್‌ಸ್ಟಾಪ್. ಇವೆರಡೂ ಬೇರೆ ಬೇರೆ, ಒಂದರಲ್ಲಿ ನೋಂದಾಯಿಸಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ.

ಕಾರ್ಡನ್ನು ಆನ್‌ಲೈನ್ ಖಾತೆಗೆ ಜೋಡಿಸುವಾಗ ಬೆಟ್ಟಿಂಗ್, ಕ್ಯಾಸಿನೊ, ಬಿಂಗೊ ಎಂದು ಬೇರೆ ಬೇರೆ, ಇಮೇಲ್, ಎಸ್ಸೆಮ್ಮೆಸ್, ಫೋನ್ ಎಂದು ಬೇರೆ ಬೇರೆ ಒಪ್ಪಿಗೆ ಕೇಳುತ್ತಾರೆ. ಬೆಟ್ಟಿಂಗ್ ಮತ್ತು ಇಮೇಲ್ ಎರಡಕ್ಕೆ ಮಾತ್ರ ಗುರುತು ಹಾಕಿದರೆ ಬೇಕಾದ ಆಫರ್ ಬರುತ್ತದೆ, ರಾತ್ರಿ ಹತ್ತಕ್ಕೆ ಸ್ಲಾಟ್ ಮೆಸೇಜ್ ಬರುವುದಿಲ್ಲ. ಅಂಗಡಿಯೊಳಗಿನ ಟಚ್‌ಸ್ಕ್ರೀನ್ ಟರ್ಮಿನಲ್‌ನಲ್ಲಿ ಕಟ್ಟುವುದಾದರೆ ಕಾರ್ಡನ್ನು ಮೊದಲು ಸ್ಕ್ಯಾನ್ ಮಾಡಿ. ಬಾಜಿ ಆದ ಮೇಲೆ ಕೌಂಟರಿಗೆ ಹೋಗಿ ಸೇರಿಸಿ ಎಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಇನ್ನೊಂದು: ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ಇನಿಷಿಯಲ್ ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ ಇರುವ ನಮ್ಮವರ ಹೆಸರುಗಳಿಗೆ ಗುರುತು ಪರಿಶೀಲನೆಯಲ್ಲಿ ತಡೆ ಬೀಳುವುದು ಸುಲಭ.

ಕರ್ನಾಟಕದಿಂದ ಮಗಳ ಮನೆಗೋ ಪ್ರವಾಸಕ್ಕೋ ಬಂದವರು ಪಾಯಿಂಟ್ ಕಾರ್ಡ್ ಮಾಡಿಸುವುದು ವ್ಯರ್ಥ. ಒಂದು ದಿನದ ಬಾಜಿಗೆ ನಗದೇ ಸರಿ. ಭಾರತದ ನಿವಾಸಿಯಾಗಿದ್ದರೆ ಹೊರದೇಶದ ಗೆಲುವಿಗೂ ಅಲ್ಲಿ 30 ಪರ್ಸೆಂಟ್ ತೆರಿಗೆ ಇದೆ. ಲಾಟರಿ, ಸ್ವೀಪ್‌ಸ್ಟೇಕಿನಂಥವಕ್ಕೆ ಭಾರತದಿಂದ ಹಣ ಕಳಿಸುವುದನ್ನು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ನಿಷೇಧಿಸುತ್ತದೆ, ಹಾಗಾಗಿ ಊರಿನ ಬ್ಯಾಂಕ್ ಕಾರ್ಡನ್ನು ಇಂಥ ಕಡೆ ತೆಗೆಯದಿರುವುದೇ ಲೇಸು. ಕ್ರೆಡಿಟ್ ಕಾರ್ಡಿನಿಂದ ಬಾಜಿ ಕಟ್ಟುವುದನ್ನಂತೂ ಬ್ರಿಟನ್ನೇ 2020 ರ ಏಪ್ರಿಲ್ 14 ರಿಂದ ನಿಲ್ಲಿಸಿದೆ.

ಲೆಕ್ಕ ತಪ್ಪಾದಾಗ

ಫ್ರೀ ಬೆಟ್ ಬರಲಿಲ್ಲ, ಬೆಸ್ಟ್ ಆಡ್ಸ್ ಕೊಡಲಿಲ್ಲ ಎಂದಾದರೆ ಮೊದಲು ಅದೇ ಅಂಗಡಿಯ ಮ್ಯಾನೇಜರ್, ಆಮೇಲೆ ಕಂಪನಿಯ ದೂರು ವಿಭಾಗ. ಎಂಟು ವಾರದೊಳಗೆ ಬಗೆಹರಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಅವರು ಕೈಚೆಲ್ಲಿದರೆ, ಆ ಕಂಪನಿ ಸೂಚಿಸುವ ಸ್ವತಂತ್ರ ಪಂಚಾಯಿತಿ ಸಂಸ್ಥೆಗೆ ಹೋಗಬಹುದು. ಅಂಗಡಿ ಬಾಜಿಗಳಲ್ಲಿ ಬಹುತೇಕ ಅದು ಐಬಾಸ್ ಆಗಿರುತ್ತದೆ, ಗಿರಾಕಿಗೆ ಶುಲ್ಕವಿಲ್ಲ. ಅವರು ಕೇಳುವುದು ಕಾಗದವನ್ನು: ದರ ಬರೆದ ಸ್ಲಿಪ್ಪಿನ ಫೋಟೊ, ಮತ್ತು ಆ ವಾರ ಗೋಡೆಯ ಮೇಲಿದ್ದ ಆಫರ್ ಪೋಸ್ಟರಿನ ಫೋಟೊ, ಕೆಳಗಿನ ಸಣ್ಣಕ್ಷರ ಓದುವಷ್ಟು ಹತ್ತಿರದಿಂದ ತೆಗೆದದ್ದು. ಎರಡನ್ನೂ ಬಾಜಿ ಕಟ್ಟಿದ ದಿನವೇ ತೆಗೆದಿಡಿ, ಮುಂದಿನ ವಾರ ಆ ಗೋಡೆಯ ಮೇಲೆ ಬೇರೆ ಪೋಸ್ಟರ್ ಇರುತ್ತದೆ.